ಫಾಲ್ಕೆ ಡೈರಿ: ಕೈಗಿಂತ ಕಾಲಿಗೇ ಕೆಲಸ ಜಾಸ್ತಿ

ಮೋಟಾರ್ ಗ್ಲೈಡರ್, ಅಂದರೆ ಎಂಜಿನ್ ನಿಲ್ಲಿಸಿಯೂ ತೇಲಬಲ್ಲ ಉದ್ದ ರೆಕ್ಕೆಯ ಪುಟ್ಟ ವಿಮಾನ. ಅದರ ಲೈಸೆನ್ಸ್ ಕೈಗೆ ಬಂದು ಒಂದು ವರ್ಷದ ಮೇಲಾಯ್ತು. ಪರೀಕ್ಷೆ ಪಾಸಾಗುವಷ್ಟು ಹಾರಿಸುವುದು ಬೇರೆ, ವಿಮಾನದ ಸ್ವಭಾವ ತಿಳಿಯುವುದು ಬೇರೆ ಅಂತ ಈ ಚಳಿಗಾಲದಲ್ಲಿ ಸುಮ್ನೆ ಕೂತಿದ್ದಾಗ ಅನ್ನಿಸಿತು. ಅದಕ್ಕೇ ಏಪ್ರಿಲ್‌ನಿಂದ ತೊಡೆಗೆ ಒಂದು ಪುಟ್ಟ ನೋಟ್‌ಬುಕ್ ಕಟ್ಟಿಕೊಂಡು ಹಾರುತ್ತಿದ್ದೇನೆ.

ವಿಮಾನ ನಮ್ಮ ಕ್ಲಬ್ಬಿನ ಶೈಬೆ ಎಸ್‌ಎಫ್-25ಸಿ ಫಾಲ್ಕೆ. ಎಸ್‌ಎಫ್-25 ಮೊದಲು ಹಾರಿದ್ದು 1963ರಲ್ಲಿ. ಮೈ ಉಕ್ಕಿನ ಕೊಳವೆ, ರೆಕ್ಕೆ ಮರದ್ದು, ಮೇಲೆ ಬಟ್ಟೆ. ರೆಕ್ಕೆಯ ತುದಿಯಿಂದ ತುದಿಗೆ 15.3 ಮೀಟರ್. ಮೂಗಿನಲ್ಲಿ 80 ಕುದುರೆ ಶಕ್ತಿಯ ರೋಟ್ಯಾಕ್ಸ್ 912. ಇಬ್ಬರು ಅಕ್ಕಪಕ್ಕ ಕೂರಬಹುದು. ಹೊಟ್ಟೆಯ ಕೆಳಗೆ ಒಂದೇ ದೊಡ್ಡ ಚಕ್ರ, ರೆಕ್ಕೆಗಳ ಕೆಳಗೆ ಎರಡು ಪುಟಾಣಿ ಚಕ್ರ. ಫಾಲ್ಕೆ ಅಂದರೆ ಜರ್ಮನ್‌ನಲ್ಲಿ ಗಿಡುಗ. ಹೆಸರು ಗಿಡುಗ, ನೆಲದ ಮೇಲಿನ ನಡಿಗೆ ಮಾತ್ರ ಬಾತುಕೋಳಿಯದು.

ಏಪ್ರಿಲ್ 12

ಗಾಳಿ ಇಲ್ಲ. ಜರ್ಮನಿಯ ಶ್ವೇಬಿಷೆ ಆಲ್ಬ್ ಬೆಟ್ಟಸಾಲು ಬೆಳಗಿನ ಮಂಜಿನಲ್ಲಿ. ಇವತ್ತು ಬೇಕಂತಲೇ ತಪ್ಪು ಮಾಡಿದೆ. ಬಾಲದ ಚುಕ್ಕಾಣಿ ತಿರುಗಿಸುವ ಪೆಡಲ್‌ನಿಂದ ಎರಡೂ ಪಾದ ತೆಗೆದು, ರೆಕ್ಕೆ ವಾಲಿಸುವ ಸ್ಟಿಕ್ ಮಾತ್ರ ಎಡಕ್ಕೆ ತಳ್ಳಿದೆ. ರೆಕ್ಕೆ ಎಡಕ್ಕೆ ವಾಲಿತು. ಮೂಗು ಮಾತ್ರ ಬಲಕ್ಕೆ ಹೊರಟಿತು! ಎದುರಿಗಿದ್ದ ಚರ್ಚಿನ ಗೋಪುರ ಗಾಜಿನ ಮೇಲೆ ಎಡಕ್ಕೆ ಜಾರಿತು. ಆಮೇಲೆ ಒಂದೆರಡು ಸೆಕೆಂಡ್ ಯೋಚನೆ ಮಾಡಿದ ಹಾಗೆ ನಿಂತು, ನಿಧಾನಕ್ಕೆ ವಾಪಸ್ ಎಡಕ್ಕೆ ತಿರುಗಿತು.

ಕಾರಣ ಗೊತ್ತಿರುವುದೇ. ಎಡಕ್ಕೆ ವಾಲಿಸಿದಾಗ ಬಲ ರೆಕ್ಕೆಯ ಐಲೆರಾನ್, ಅಂದರೆ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ, ಕೆಳಗಿಳಿಯುತ್ತದೆ. ಆ ರೆಕ್ಕೆಗೆ ಮೇಲೆತ್ತುವ ಬಲ ಹೆಚ್ಚಾಗುತ್ತದೆ, ಜೊತೆಗೆ ಹಿಂದಕ್ಕೆಳೆಯುವ ಬಲವೂ. ಗಿಡ್ಡ ರೆಕ್ಕೆಯ ವಿಮಾನದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಇಲ್ಲಿ ಐಲೆರಾನ್ ಇರುವುದು ಉದ್ದ ರೆಕ್ಕೆಯ ತುದಿಯಲ್ಲಿ. ಬಾವಿಯ ರಾಟೆಗೆ ಉದ್ದ ಹಿಡಿ ಹಾಕಿದ ಹಾಗೆ, ಸ್ವಲ್ಪ ಎಳೆದರೂ ಮೂಗು ತಿರುಗುತ್ತದೆ. ಕಲಿಸುವಾಗ ನನ್ನ ಗುರುಗಳು ಗಂಟೆಗೆ ನಲವತ್ತು ಸಲ 'ಫ್ಯೂಸೆ!' ಅಂತ ಕೂಗುತ್ತಿದ್ದರು. ಅಂದರೆ 'ಕಾಲು!' ಬೇರೆ ಏನನ್ನೂ ಅಷ್ಟು ಸಲ ಹೇಳಿದ್ದು ನೆನಪಿಲ್ಲ.

ಮೇ 3

ಸ್ಟಾಪ್‌ವಾಚ್ ದಿನ. ಸಿಎಸ್-22 ಅನ್ನುವ ಯುರೋಪಿನ ಗ್ಲೈಡರ್ ನಿಯಮದಲ್ಲಿ ಒಂದು ಒಳ್ಳೆಯ ಲೆಕ್ಕ ಇದೆ. ಒಂದು ಕಡೆ 45 ಡಿಗ್ರಿ ವಾಲಿದ ಗ್ಲೈಡರನ್ನು ಇನ್ನೊಂದು ಕಡೆ 45 ಡಿಗ್ರಿಗೆ ತರಲು, ರೆಕ್ಕೆಯ ತುದಿಯಿಂದ ತುದಿಯ ಅಳತೆಯನ್ನು ಮೀಟರಿನಲ್ಲಿ ತೆಗೆದುಕೊಂಡು 3ರಿಂದ ಭಾಗಿಸಿದರೆ ಬರುವಷ್ಟು ಸೆಕೆಂಡ್ ಸಾಕಾಗಬೇಕು. ವೇಗ ಸ್ಟಾಲ್ ವೇಗದ 1.4 ಪಟ್ಟು. ಸ್ಟಾಲ್ ಅಂದರೆ ವೇಗ ಸಾಲದೆ ರೆಕ್ಕೆ ವಿಮಾನವನ್ನು ಹೊರಲಾರದೆ ಕೈಬಿಡುವುದು. ನಮ್ಮ ಫಾಲ್ಕೆಗೆ 5.1 ಸೆಕೆಂಡ್. ನಮ್ಮದು ವೇಗದ ಮುಳ್ಳು ಗಂಟೆಗೆ 65 ಕಿ.ಮೀ. ತೋರಿಸುವಾಗ ಸ್ಟಾಲ್ ಆಗುತ್ತದೆ, ಹಾಗಾಗಿ 91 ಕಿ.ಮೀ. ವೇಗದಲ್ಲಿ ಅಳೆದೆ.

ಕಾಲು ಸೋಮಾರಿಯಾಗಿಟ್ಟು ಮಾಡಿದಾಗ 5.9. ಸ್ಟಿಕ್ಕಿನ ಜೊತೆಜೊತೆಗೇ ಪೆಡಲ್ ಪೂರ್ತಿ ಒತ್ತಿದಾಗ 4.7. ಮೂರು ಮೂರು ಸಲ ಮಾಡಿ ಸರಾಸರಿ ತೆಗೆದದ್ದು. ಒಂದು ಕೈಯಲ್ಲಿ ಸ್ಟಿಕ್, ಇನ್ನೊಂದರಲ್ಲಿ ವಾಚ್ ಹಿಡಿದು ಅಳೆದದ್ದನ್ನು ವಿಜ್ಞಾನ ಅಂತ ಕರೆಯಬಾರದು. ಆದರೂ ಒಂದು ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಬರೀ ಕಾಲಿನಿಂದ ಬಂತು ಅಲ್ವಾ?

ಸ್ಟಾಲ್ ಸಪ್ಪೆ. ಮೂಗು ಎತ್ತುತ್ತಾ ಹೋದರೆ ಸ್ಟಿಕ್ ಸಡಿಲವಾಗುತ್ತದೆ, ಮೈ ಸಣ್ಣಗೆ ನಡುಗುತ್ತದೆ, ಆಮೇಲೆ ಸೋತ ಹಾಗೆ ಕೆಳಗಿಳಿಯುತ್ತದೆ. ಅಷ್ಟೇ.

ಮೇ 24

ಇವತ್ತಿಗೇ ಕಾಯುತ್ತಿದ್ದೆ. ಹತ್ತಿಯುಂಡೆಯಂಥ ಮೋಡ. 900 ಮೀಟರ್‌ಗೆ ಏರಿ, ಎಂಜಿನ್ ತಣ್ಣಗಾಗಲು ಬಿಟ್ಟು, ಇಗ್ನಿಷನ್ ಆಫ್. ಪ್ರೊಪೆಲ್ಲರ್ ಎರಡು ಸಲ ಕುಲುಕಿ ನಿಂತಿತು. 600 ಮೀಟರ್‌ಗಿಂತ ಕೆಳಗೆ ಎಂಜಿನ್ ನಿಲ್ಲಿಸುವುದಿಲ್ಲ ಅಂತ ನನಗೆ ನಾನೇ ಹಾಕಿಕೊಂಡ ಕಟ್ಟಳೆ.

ವಿಮಾನ ಅಡ್ಡ ಜಾರುತ್ತಿದೆಯಾ ಅಂತ ನೋಡಲು ಗಾಜಿಗೆ ಒಂದು ಗೇಣಿನಷ್ಟು ಕೆಂಪು ಉಲ್ಲನ್ ದಾರ ಅಂಟಿಸಿದ್ದೆ. ಎಂಜಿನ್ ಓಡುವಾಗ ಪ್ರೊಪೆಲ್ಲರ್ ಗಾಳಿಗೆ ಅದು ಹೇಳುವುದೆಲ್ಲ ಸುಳ್ಳು. ಎಂಜಿನ್ ನಿಂತ ಮೇಲೆ, ಅದನ್ನೇ ತೋರಿಸಲು ಡ್ಯಾಶ್‌ಬೋರ್ಡಿನ ಬಾಗಿದ ಗಾಜಿನ ಕೊಳವೆಯಲ್ಲಿ ಉರುಳುವ ಚೆಂಡಿಗಿಂತ ಚುರುಕು. ಎಡಕ್ಕೆ ತಿರುಗುವಾಗ ಕಾಲು ತಡವಾದರೆ ದಾರದ ತುದಿ ಬಲಕ್ಕೆ, ಚೆಂಡು ಎಡಕ್ಕೆ. ಎರಡೂ ಹೇಳುವುದು ಒಂದೇ, ಎಡಗಾಲು ಒತ್ತು ಅಂತ.

ಥರ್ಮಲ್, ಅಂದರೆ ಮೇಲೇಳುವ ಬಿಸಿಗಾಳಿಯ ಕಂಬ. ಅದರೊಳಗೆ ಗಂಟೆಗೆ 80 ಕಿ.ಮೀ. ವೇಗ, 30 ಡಿಗ್ರಿ ವಾಲು. ಲೆಕ್ಕ ಹಾಕಿದರೆ ವೃತ್ತದ ತ್ರಿಜ್ಯ ಸುಮಾರು 87 ಮೀಟರ್, ಒಂದು ಸುತ್ತಿಗೆ 25 ಸೆಕೆಂಡ್. ಕಣದಲ್ಲಿ ಹಂತಿ ಹೊಡೆಯುವುದನ್ನು ನೋಡಿದವರಿಗೆ ಮುಂದಿನದು ಸುಲಭ. ಮೇಟಿ ಪಕ್ಕದ ಎತ್ತು ಮೆಲ್ಲಗೆ ಹೆಜ್ಜೆ ಹಾಕಿದರೆ ಸಾಕು, ಹೊರಗಿನದು ಬಿರುಸಾಗಿ ನಡೆಯಬೇಕು. ಹಾಗೇ ಹೊರಗಿನ ರೆಕ್ಕೆಯ ತುದಿ 86ರಲ್ಲಿ, ಒಳಗಿನದು 74ರಲ್ಲಿ ಓಡುತ್ತಿರುತ್ತದೆ. ವೇಗದ ರೆಕ್ಕೆ ಮೇಲೇಳುತ್ತದೆ, ವಿಮಾನ ತಾನಾಗಿಯೇ ಇನ್ನಷ್ಟು ವಾಲಲು ನೋಡುತ್ತದೆ. ಹಾಗಾಗಿ ಎಡಕ್ಕೆ ಸುತ್ತುವಾಗಲೂ ಸ್ಟಿಕ್ ಸ್ವಲ್ಪ ಬಲಕ್ಕೇ ಇರಬೇಕು. ಮೊದಮೊದಲು ತಲೆ ಕೆಡುತ್ತದೆ. ಈ ವಾಲಿನಲ್ಲಿ ಸ್ಟಾಲ್ ವೇಗವೂ 70ಕ್ಕೆ ಏರಿರುತ್ತದೆ. ಅಂದರೆ ಒಳಗಿನ ತುದಿಗೆ ಉಳಿದದ್ದು ನಾಲ್ಕೇ ಕಿಲೋಮೀಟರ್. ಈ ಲೆಕ್ಕ ಮನೆಗೆ ಬಂದ ಮೇಲೆ ಹಾಕಿದ್ದು. ಮೊದಲೇ ಹಾಕಿದ್ದರೆ 85ರಲ್ಲಿ ಸುತ್ತುತ್ತಿದ್ದೆ.

300 ಮೀಟರ್ ಗಳಿಸಿದೆ. ನಲವತ್ತು ನಿಮಿಷ ಎಂಜಿನ್ ಇಲ್ಲದೆ.

ಜೂನ್ 7

ಊರಿಂದ ಬಂದ ಭಾವನನ್ನು ಕೂರಿಸಿಕೊಂಡೆ. ಟೇಕಾಫ್‌ನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲು ಬೇಕು. ಮಾತಿನ ಭರದಲ್ಲಿ ಮರೆತೆ. ಹುಲ್ಲಿನ ಮೇಲೆ ಹಾವಿನಂತೆ ಹೋದೆವು.

ಮೇಲೆ ಹೋದ ಮೇಲೂ ಕೈಕಾಲು ಒಂದಕ್ಕೊಂದು ಹೊಂದಲಿಲ್ಲ. ಹತ್ತೇ ನಿಮಿಷಕ್ಕೆ ಭಾವ ಮುಖ ಒರೆಸಿಕೊಂಡರು. 'ಏನಯ್ಯಾ, ಆಗುಂಬೆ ಘಾಟಿ ಬಸ್ ಥರ ಹೊಟ್ಟೆ ತೊಳಸ್ತಿದೆ.'

'ಒಂದ್ನಿಮಿಷ ಭಾವ, ನಂದೇ ತಪ್ಪು' ಅಂದು ಚೆಂಡನ್ನು ನಡುವಿಗೆ ತಂದು ಅಲ್ಲೇ ಹಿಡಿದೆ. ಸ್ವಲ್ಪ ಹೊತ್ತಿಗೆ ಅವರ ಮುಖಕ್ಕೆ ಬಣ್ಣ ಬಂತು. ಓಲಾಟ ವಾಲುವುದರಿಂದ ಬಂದದ್ದಲ್ಲ, ಅಡ್ಡಡ್ಡ ಜಾರುವುದರಿಂದ ಬಂದದ್ದು.

ಆಗಲೇ ಎಡಗಡೆ ಒಂದು ಕೆಂಪು ಹದ್ದು ನಮ್ಮ ಥರ್ಮಲ್‌ಗೆ ಬಂತು. ಈ ಬೆಟ್ಟದ ಕಡೆ ಅವು ಜಾಸ್ತಿ. ಬೆಂಗಳೂರಿನ ಮಾಂಸದಂಗಡಿಗಳ ಮೇಲೆ ಸುತ್ತುವ ಹದ್ದಿನ ನೆಂಟ, ಬಾಲದ ಕವಲು ಮಾತ್ರ ಇನ್ನೂ ಆಳ. ರೆಕ್ಕೆ ಅಲುಗಾಡದೆ ಸುತ್ತುತ್ತಾ, ಬಾಲವನ್ನು ಮಾತ್ರ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಚುತ್ತಿತ್ತು. 'ಅದಕ್ಕೆ ಲೈಸೆನ್ಸ್ ಯಾರು ಕೊಟ್ರು?' ಅಂದರು ಭಾವ.

ಇಳಿಯುವಾಗ 5 ಕಿ.ಮೀ. ವೇಗ ಜಾಸ್ತಿ ಇತ್ತು. ಇಷ್ಟುದ್ದದ ರೆಕ್ಕೆ ನೆಲದ ಹತ್ತಿರ ಬಂದರೆ ಇಳಿಯಲು ಒಪ್ಪುವುದೇ ಇಲ್ಲ. ಏರ್‌ಬ್ರೇಕಿನ ನೀಲಿ ಹಿಡಿಯನ್ನು ಪೂರ್ತಿ ಎಳೆದಿದ್ದರೂ ಹುಲ್ಲಿನ ಮೇಲೆ ತೇಲುತ್ತಾ ಹೋಗಿ, ಗಾಳಿಚೀಲದ ಕಂಬ ದಾಟಿದ ಮೇಲೆ ನೆಲ ಮುಟ್ಟಿತು. ಮುಂದಿನ ಹಾರಾಟಕ್ಕೆ ಅಡ್ಡಗಾಳಿ ಅಂತ ಬರೆದುಕೊಂಡಿದ್ದೆ. ಅದನ್ನು ಹೊಡೆದುಹಾಕಿ 'ಇಳಿಯುವ ವೇಗ, ಹತ್ತು ಸಲ' ಅಂತ ಬರೆದಿದ್ದೇನೆ.