ಬೆಳಿಗ್ಗೆ ಪಿರಮಿಡ್, ಮಧ್ಯಾಹ್ನ ಈಜು

ಮೆಕ್ಸಿಕೋದ ಯುಕಟಾನ್‌ಗೆ ಮಕ್ಕಳನ್ನು ಕರೆದುಕೊಂಡು ಹೋದರೆ ಮಾಯಾ ಜನರ ಹಳೇ ಊರುಗಳಿಗೆ ಒಂದು ದಿನ, ಈಜಿಗೆ ಇನ್ನೊಂದು ದಿನ ಅಂತ ಬೇರೆ ಮಾಡಬೇಡಿ. ಎರಡನ್ನೂ ಒಂದೇ ದಿನ ನೋಡಿ. ಆ ಊರುಗಳು ಅಲ್ಲೇ ಯಾಕೆ ಹುಟ್ಟಿದವು ಅನ್ನೋದು ಆಗಲೇ ಅರ್ಥವಾಗುತ್ತದೆ.

ಯುಕಟಾನ್‌ನ ಉತ್ತರ ಭಾಗದಲ್ಲಿ ನೆಲದ ಮೇಲೆ ಹರಿಯುವ ನದಿಗಳಿಲ್ಲ. ಎಲ್ಲಾ ಸುಣ್ಣಕಲ್ಲು. ಬಿದ್ದ ಮಳೆ ಸೀದಾ ಒಳಗಿಳಿಯುತ್ತದೆ. ಒಳಗೆ ಕಲ್ಲು ಕರಗಿ ಗುಹೆಯಾಗುತ್ತದೆ, ಎಷ್ಟೋ ಕಾಲದ ಮೇಲೆ ಅದರ ಚಾವಣಿ ಕುಸಿಯುತ್ತದೆ. ಹಾಗೆ ಬಾಯಿ ತೆರೆದ ನೀರಿನ ಗುಂಡಿಯೇ ಸೆನೋಟೆ. ಇಲ್ಲಿ ಇಂಥವು ಸಾವಿರಾರಿವೆ. ನದಿ ಇಲ್ಲದ ಈ ಕಡೆ ಮಾಯಾ ಊರುಗಳು ಬೆಳೆದದ್ದು ಈ ನೀರಿನ ಹತ್ತಿರವೇ.

ನಾವು ಉಳಿದುಕೊಂಡಿದ್ದು ವಯ್ಯಡೊಲಿಡ್ ಅನ್ನೋ ಪಟ್ಟಣದಲ್ಲಿ. ಅಲ್ಲಿಂದ ಮಾಯಾ ಜನರ ಹಳೇ ಊರು ಚಿಚೆನ್ ಇಟ್ಸಾ ಸುಮಾರು 45 ಕಿಲೋಮೀಟರ್. ಬೆಳಿಗ್ಗೆ 8ಕ್ಕೆ ಗೇಟು ತೆಗೆಯುವ ಹೊತ್ತಿಗೇ ಹೋಗಿಬಿಡಿ. ಆಮೇಲೆ ಬಿಸಿಲೂ ಜಾಸ್ತಿ, ಕಾನ್‌ಕುನ್ ಕಡೆಯಿಂದ ಬರುವ ಬಸ್ಸುಗಳೂ ಜಾಸ್ತಿ.

ಅಲ್ಲಿನ ಕುಕುಲ್ಕಾನ್ ಪಿರಮಿಡ್‌ಗೆ ನಾಲ್ಕೂ ಕಡೆ ತಲಾ 91 ಮೆಟ್ಟಿಲು, ತುದಿಯ ಜಗಲಿಯದು ಒಂದು. ಒಟ್ಟು 365. ಮಗಳು ಮರಳಿನ ಮೇಲೆ ಕಡ್ಡಿಯಲ್ಲಿ ಲೆಕ್ಕ ಬರೆದು ನೋಡಿ, "ಅಜ್ಜೀ, ಇದು ಕ್ಯಾಲೆಂಡರ್!" ಅಂತ ಕೂಗಿದಳು. ಈಗ ಹತ್ತಲು ಬಿಡುವುದಿಲ್ಲ. ಆದರೆ ಎದುರು ನಿಂತು ಚಪ್ಪಾಳೆ ತಟ್ಟಿದರೆ ಮೆಟ್ಟಿಲುಗಳಿಂದ ಹಕ್ಕಿ ಕೂಗಿದ ಹಾಗೆ ಸದ್ದು ವಾಪಸ್ ಬರುತ್ತದೆ. ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ನನ್ನ ಅಮ್ಮನಿಗೆ ಹಿಡಿಸಿದ್ದು ಬೇರೆ ವಿಷಯ. ಇಲ್ಲಿನ ಗುಡಿಗಳ ಬಾಗಿಲ ಮೇಲೆ ಸಪೋಟ ಮರದ ತೊಲೆ ಹಾಕಿದ್ದಾರೆ ಅಂತ ಗೈಡ್ ಹೇಳಿದರು. ಅಮ್ಮ ನನ್ನ ಕಡೆ ತಿರುಗಿ, "ನಮ್ಮ ಹಿತ್ತಲಲ್ಲಿರೋದೇ ಅಲ್ವಾ?" ಅಂದರು. ಅದೇ. ಸಪೋಟದ ಮೂಲ ಊರು ಈ ಸೀಮೆ. ಆಮೇಲೆ ಕಂಡ ಪ್ರತಿ ಮರವನ್ನೂ ಅಮ್ಮ ಮುಟ್ಟಿ, ಎಲೆ ತಿರುವಿ ನೋಡುತ್ತಿದ್ದರು.

ಪಿರಮಿಡ್‌ನಿಂದ ಉತ್ತರಕ್ಕೆ ಹಳೇ ಕಲ್ಲುದಾರಿಯಲ್ಲಿ ನಡೆದರೆ ಪವಿತ್ರ ಸೆನೋಟೆ. ಸುಮಾರು 60 ಮೀಟರ್ ಅಗಲ, ಗೋಡೆ ಕಡಿದಾಗಿ ಇಳಿದಿದೆ, ಹಸಿರು ನೀರು ತುಂಬಾ ಕೆಳಗಿದೆ. ಮಳೆ ದೇವರು ಚಾಕ್‌ಗೆ ಅಂತ ಚಿನ್ನ, ಜೇಡ್ ಕಲ್ಲು, ಧೂಪ ಎಲ್ಲಾ ಇದಕ್ಕೆ ಹಾಕಿದ್ದಾರೆ. ಮನುಷ್ಯರನ್ನೂ. ಸಿಕ್ಕ ಮೂಳೆಗಳಲ್ಲಿ ಮಕ್ಕಳದ್ದೂ ಇವೆ. ಮಗಳಿಗೆ ಅದನ್ನು ಮುಚ್ಚಿಡಲಿಲ್ಲ. ಅವಳು ನನ್ನ ಕೈ ಹಿಡಿದು, "ಮಳೆ ಬಂತಾ?" ಅಂತ ಕೇಳಿದಳು. ಬರ ಬಂದಾಗ ಜನ ಎಷ್ಟು ಹೆದರಿರಬೇಕು ಅಂತ ಆ ಅಂಚಿನಲ್ಲಿ ನಿಂತು ಯೋಚಿಸಿದರೆ ಹೊಟ್ಟೆ ಹಿಂಡುತ್ತದೆ. ಪಿರಮಿಡ್ ಕೆಳಗೂ ನೀರು ತುಂಬಿದ ಪೊಳ್ಳು ಜಾಗವಿದೆ ಅಂತ 2015ರಲ್ಲಿ ಮೆಕ್ಸಿಕೋದ ವಿಜ್ಞಾನಿಗಳು ತಿಳಿಸಿದರು.

ಈಜಲು ಹೋಗಿದ್ದು ವಯ್ಯಡೊಲಿಡ್ ಪಕ್ಕದ ಜಿಟ್‌ನುಪ್‌ಗೆ. ಅಲ್ಲಿ ಇಷ್ಕೆಕೆನ್, ಸಮುಲಾ ಅಂತ ಎರಡು ಸೆನೋಟೆ ಎದುರುಬದುರಿವೆ. ಮೊದಲು ಮೈ ತೊಳೆದುಕೊಳ್ಳಬೇಕು. ಸನ್‌ಸ್ಕ್ರೀನ್ ಹಚ್ಚಿಕೊಂಡು ಇಳಿಯುವ ಹಾಗಿಲ್ಲ. ಒಳ್ಳೆ ನಿಯಮ, ಸುತ್ತಲಿನ ಹಳ್ಳಿಗಳು ಕುಡಿಯುವುದೂ ಇದೇ ಅಂತರ್ಜಲವನ್ನು. ಇಷ್ಕೆಕೆನ್‌ನಲ್ಲಿ ಕಿರಿದಾದ ಜಾರು ಮೆಟ್ಟಿಲು ಇಳಿಯಬೇಕು. ಒಳಗೆ ಚಾವಣಿಯಿಂದ ಸುಣ್ಣದ ಕಂಬಗಳು ಇಳಿಬಿದ್ದಿವೆ. ಮೇಲಿನ ಒಂದು ತೂತಿನಿಂದ ಬಿಸಿಲಿನ ಕೋಲು ನೀರಿಗೆ ಇಳಿಯುತ್ತದೆ. ಅದು ಬಿದ್ದ ಕಡೆ ನೀರು ನೀಲಿ, ಉಳಿದದ್ದು ಕಪ್ಪು. ಚಿಕ್ಕ ಮೀನುಗಳು ಕಾಲಿಗೆ ತಾಗುತ್ತವೆ.

ಸಮುಲಾದಲ್ಲಿ ಮೇಲಿನ ಮರದ ಬೇರುಗಳು ಹಗ್ಗದ ಹಾಗೆ ಕೆಳಗೆ ಇಳಿದಿವೆ. ಆ ಮರಕ್ಕೂ ನೀರು ಬೇಕಲ್ಲ. ಮಗಳು ಲೈಫ್ ಜಾಕೆಟ್ ಹಾಕಿಕೊಂಡು ಮಧ್ಯದವರೆಗೆ ತೇಲಿ ಬಂದಳು. ಮಕ್ಕಳಿರುವವರು ಮೊದಲು ಸಮುಲಾಕ್ಕೇ ಹೋಗಿ. ಅಲ್ಲಿ ನೀರು ಕೊಂಚ ತೆರೆದ ಜಾಗದಲ್ಲಿದೆ ಅನ್ನಿಸುತ್ತದೆ, ಮಕ್ಕಳ ಭಯ ಬೇಗ ಬಿಡುತ್ತದೆ.