ಲೊಕೇಶನ್ ಕಳಿಸಲ್ಲ, ಬೇಜಾರು ಮಾಡ್ಕೋಬೇಡಿ

"ಸೂಪರ್ ಸಾರ್. ಎಲ್ಲಿ ತೆಗೆದಿದ್ದು? ಲೊಕೇಶನ್ ಕಳಿಸಿ."

ಹಕ್ಕಿಯ ಚಿತ್ರ ಯಾರಿಗೆ ತೋರಿಸಿದರೂ ಇದೇ ಮಾತು. ಮೊದಲನೆಯದು ಸುಮ್ನೆ ಮರ್ಯಾದೆಗೆ. ಕೊನೆಯದು ಪ್ರಶ್ನೆ ಕೂಡ ಅಲ್ಲ, ಅಪ್ಪಣೆ. ಹಕ್ಕಿಯ ಹೆಸರೇನು ಅಂತ ಕೇಳುವವರು ಅಪರೂಪ. ಅದು ಅಲ್ಲಿ ಏನು ಮಾಡುತ್ತಿತ್ತು ಅಂತ ಕೇಳಿದವರು ನನಗೆ ನೆನಪಿಲ್ಲ.

ನನ್ನ ಉತ್ತರ: ಕಳಿಸಲ್ಲ.

ಮೆತ್ತಗೆ ಹೇಳಿಯೂ ನೋಡಿದೆ. "ಅಲ್ಲೇ ಬಯಲುಸೀಮೆ ಕಡೆ" ಅಂದರೆ "ಬಯಲುಸೀಮೆಯಲ್ಲಿ ಎಲ್ಲಿ?" ಅನ್ನುತ್ತಾರೆ. "ಒಂದು ಗುಡ್ಡದ ಹತ್ತಿರ" ಅಂದರೆ "ಯಾವ ಗುಡ್ಡ?" ಪೊಲೀಸರೂ ಇಷ್ಟು ವಿಚಾರಿಸಲ್ಲ. ಒಂದು ಮದುವೆ ಊಟದಲ್ಲಿ, ಪಾಯಸ ಬಡಿಸುವ ಹೊತ್ತಿಗೆ, ಪಕ್ಕದ ಎಲೆಯವರು "ಏನ್ ಸ್ವಾಮಿ, ಅಲ್ಲಿ ಬಂಗಾರ ಹೂತಿಟ್ಟಿದ್ದೀರಾ?" ಅಂದರು. ಸಾಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಪಾಯಸ ರುಚಿಸಲಿಲ್ಲ.

"ಕಾಡೇನು ನಿಮ್ಮಪ್ಪಂದಾ?" ಅಂತಲೂ ಕೇಳಿಸಿಕೊಂಡಿದ್ದೇನೆ. ಅಲ್ಲ ಸ್ವಾಮಿ. ನಮ್ಮಪ್ಪನದಾಗಿದ್ದರೆ ಗೇಟು ಹಾಕಿಸಿ ನಿಮಗೆ ಟಿಕೆಟ್ ಮಾರುತ್ತಿದ್ದೆ. ಇನ್ನೊಂದು ವಿಷಯ, ನನ್ನ ಚಿತ್ರಗಳಲ್ಲಿ ಜಾಸ್ತಿ ಪಾಲು ಕಾಡಿನವೇ ಅಲ್ಲ. ಕೆರೆ ಏರಿ, ಗೋಮಾಳ, ಹುಣಸೆ ತೋಪು, ರಾಗಿ ಹೊಲದ ಬದು. ಅಲ್ಲೆಲ್ಲ ಕಾವಲುಗಾರ ಇಲ್ಲ, ಬೋರ್ಡ್ ಇಲ್ಲ. ಇರುವುದು ಹಕ್ಕಿ ಮತ್ತು ಊರಿನ ಜನ.

ಆ ಗೂಬೆಯ ಕಥೆ ಹೇಳದೆ ಮುಂದೆ ಹೋಗಲಾರೆ. ಊರಿನ ಹೆಸರು ಇಲ್ಲೂ ಹೇಳಲ್ಲ, ಹುಡುಕಬೇಡಿ.

ಊರಾಚೆ ಕೆಲಸ ನಿಂತುಹೋದ ಒಂದು ಕಲ್ಲು ಕ್ವಾರಿ. ಅದರೊಳಗೆ ಕೊಂಬಿನ ಗೂಬೆಯ ಜೋಡಿ ಮರಿ ಮಾಡಿತ್ತು. ಇದು ಗೂಡು ಕಟ್ಟುವ ಹಕ್ಕಿಯಲ್ಲ. ಬಂಡೆಯ ಚಾಚಿನ ಮೇಲೋ, ಬರೀ ನೆಲದ ಮೇಲೋ ಮೊಟ್ಟೆ ಇಟ್ಟು ಕಾವು ಕೂರುತ್ತದೆ. ಹಗಲಿನಲ್ಲಿ ಕಲ್ಲಿನ ಪಕ್ಕ ಕೂತರೆ ಅದೂ ಕಲ್ಲೇ. ನನ್ನಷ್ಟಕ್ಕೆ ನಾನು ಹೋಗಿದ್ದರೆ ಕಾಣುತ್ತಲೇ ಇರಲಿಲ್ಲ. ತೋರಿಸಿದ್ದು ಅಲ್ಲೇ ಕುರಿ ಮೇಯಿಸುವ ತಾತ. ಅವರಿಗೆ ಗೂಬೆಯ ಮೇಲೆ ಬಹಳ ಪ್ರೀತಿ ಅಂತ ಕಥೆ ಕಟ್ಟಲ್ಲ. ಗೂಬೆ ಮನೆ ಮೇಲೆ ಕೂತರೆ ಅಪಶಕುನ ಅನ್ನುವವರೇ ಅವರೂ. "ಅದ್ರ ಪಾಡಿಗೆ ಅದೈತೆ, ನಮ್ ಪಾಡಿಗೆ ನಾವು" ಅಂದಿದ್ದರು. ನಾನು ಕ್ವಾರಿಯ ಎದುರು ಅಂಚಿನಿಂದಲೇ ನಾಲ್ಕು ಚಿತ್ರ ತೆಗೆದು ಬಂದೆ.

ಇನ್ನೊಂದು ಭಾನುವಾರ ಹೋದಾಗ ಅಲ್ಲಿ ಎರಡು ದೊಡ್ಡ ಕಾರು ನಿಂತಿದ್ದವು. ಕೊಯ್ಲಿಗೆ ಬಂದ ಹುರುಳಿ ಹೊಲದ ಮೇಲೆಯೇ ಹಾದು ಬಂದಿದ್ದವು. ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಜಾಗದ ಪಿನ್ ಸಿಕ್ಕಿತ್ತಂತೆ. ನಾನು ಕಳಿಸಿದ್ದಲ್ಲ, ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಆ ಜಾಗ ಗೊತ್ತಿದ್ದವನು ನಾನೊಬ್ಬನೇ ಅಲ್ಲ.

ಗೂಬೆ ಕಣ್ಣು ಮುಚ್ಚಿ ಕೂತಿತ್ತು. ಕಣ್ಣು ಮುಚ್ಚಿದ ಗೂಬೆಯ ಚಿತ್ರಕ್ಕೆ ಲೈಕ್ ಬರಲ್ಲ ನೋಡಿ, ಆ ಕಿತ್ತಳೆ ಕಣ್ಣೇ ಬೇಕು. ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಫೋನಿನಲ್ಲಿ ಗೂಬೆಯ ಕೂಗು ಹಾಕಿದರು. ಅದಕ್ಕೂ ಬಗ್ಗದಿದ್ದಾಗ ಒಬ್ಬ ಸಣ್ಣ ಕಲ್ಲು ಎಸೆದ. ಗೂಬೆ ಹಾರಿತು, ಮಟಮಟ ಮಧ್ಯಾಹ್ನದಲ್ಲಿ. ಹಗಲು ಹೊತ್ತು ಬಯಲಿಗೆ ಬಂದ ಗೂಬೆಯನ್ನು ಕಾಗೆ, ಕಾಜಾಣಗಳು ಸುಮ್ಮನೆ ಬಿಡುವುದಿಲ್ಲ. ಎಲ್ಲಿಂದಲೋ ಕಾಗೆಗಳು ಸೇರಿಕೊಂಡು ಅದನ್ನು ಗುಡ್ಡದಾಚೆವರೆಗೂ ಅಟ್ಟಿಕೊಂಡು ಹೋದವು. ಮರಿಗಳು ಬಿಸಿಲಲ್ಲಿ ಉಳಿದವು. ಇವರು ಹತ್ತಿರ ಹೋಗಿ ಮರಿಗಳ ಚಿತ್ರ ತೆಗೆದರು.

ನಾನು ಜಗಳಕ್ಕೆ ಹೋದೆ. ಅವರಲ್ಲೊಬ್ಬರು ನನ್ನ ಹೆಗಲಿನ ಕ್ಯಾಮೆರಾ ತೋರಿಸಿ, "ನೀವೇನು ಇಲ್ಲಿ ಭಜನೆ ಮಾಡೋಕೆ ಬಂದ್ರಾ?" ಅಂದರು. ಮಾತು ಚೆನ್ನಾಗಿತ್ತು, ಒಪ್ಪಬೇಕು. ಉತ್ತರ ನನಗೆ ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು, ಎಲ್ಲರಿಗೂ ಹಾಗೇ ಅಲ್ವಾ.

ಅವರು ಹೊರಟ ಮೇಲೆ ತಾತ ಕೇಳಿದರು: "ಅಲ್ಲ ಕಣಪ್ಪಾ, ಅಷ್ಟುದ್ದ ದುರ್ಬೀನು ಮಡಿಕ್ಕಂಡವ್ರೆ. ಮತ್ಯಾಕೆ ಅಷ್ಟ್ ಹತ್ರ ಹೋಗ್ತಾರೆ?"

ದೂರದ್ದನ್ನು ಹತ್ತಿರ ಮಾಡಿ ತೋರಿಸುವ 600 ಎಂಎಂ ಲೆನ್ಸ್‌ಗಳ ಬಗ್ಗೆ ನಾನು ಬಹಳ ಓದಿದ್ದೇನೆ. ಈ ಪ್ರಶ್ನೆಗೆ ಎಲ್ಲೂ ಉತ್ತರ ಸಿಕ್ಕಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಂದರೆ ಕೊಲ್ಲುವುದು, ಹಿಡಿಯುವುದು ಮಾತ್ರ ಅಲ್ಲ. ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಅದರಲ್ಲೇ ಸೇರಿದೆ. ಕೋವಿ ಇರಲೇಬೇಕು ಅಂತಿಲ್ಲ. ಗೂಡಿನ ಚಿತ್ರಕ್ಕೆ ಅಡ್ಡ ಬಂತು ಅಂತ ರೆಂಬೆ ಕತ್ತರಿಸುವವರಿದ್ದಾರೆ. ಬಿಸಿಲು ಬೀಳದಿರಲಿ, ಶಿಕ್ರಾ ಗಿಡುಗ, ಕಾಗೆಗಳ ಕಣ್ಣಿಗೆ ಕಾಣದಿರಲಿ ಅಂತಲೇ ತಾಯಿಹಕ್ಕಿ ಆ ರೆಂಬೆಯ ಹಿಂದೆ ಗೂಡು ಕಟ್ಟಿರುತ್ತದೆ. ಗೂಬೆ, ಕಾಡುಪಾಪಗಳದ್ದು ಇನ್ನೊಂದು ಕಷ್ಟ. ಅವನ್ನು ಮಾಟ ಮಂತ್ರಕ್ಕೆ ಅಂತ ಹಿಡಿಯುವವರಿದ್ದಾರೆ. ದೀಪಾವಳಿ ಹತ್ತಿರ ಬಂದರೆ ಗೂಬೆಗಳಿಗೆ ಗಂಡಾಂತರ. ಅಂಥವರ ಕೈಯಲ್ಲೂ ಫೋನ್ ಇರುತ್ತದೆ. ನೀವು ಒಳ್ಳೆಯವರೇ ಇರಬಹುದು. ನಾನು ನಿಮಗೆ ಕಳಿಸಿದ ಪಿನ್ ಆಮೇಲೆ ಯಾರ್ಯಾರ ಕೈ ಸೇರುತ್ತದೆ ಅಂತ ನಿಮಗೂ ಗೊತ್ತಾಗಲ್ಲ.

ನಾನೊಬ್ಬನೇ ಜಿಪುಣ ಅಂದುಕೊಳ್ಳಬೇಡಿ. ಹಕ್ಕಿಗಳ ಲೆಕ್ಕ ಇಡುವ ಇ-ಬರ್ಡ್ ಜಾಲತಾಣ ಕೂಡ ಅಪಾಯದಲ್ಲಿರುವ ಕೆಲವು ಹಕ್ಕಿಗಳ ನಿಖರ ಜಾಗವನ್ನು ಎಲ್ಲರಿಗೂ ತೋರಿಸುವುದಿಲ್ಲ. ಜನ ತಾವು ಕಂಡ ಗಿಡ, ಪ್ರಾಣಿಗಳ ಚಿತ್ರ ಹಾಕುವ ಐ-ನ್ಯಾಚುರಲಿಸ್ಟ್ ಜಾಲತಾಣ ಅಳಿವಿನಂಚಿನ ಜೀವಿಗಳ ಗುರುತನ್ನು ನಕ್ಷೆಯಲ್ಲಿ ಬೇಕೆಂದೇ ಆಚೀಚೆ ಮಾಡಿ ಹಾಕುತ್ತದೆ. ಇನ್ನೊಂದು ತಿಳಿದಿರಲಿ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ, ತೆಗೆದ ಚಿತ್ರದೊಳಗೇ ಜಾಗದ ಗುರುತು ಕೂತಿರುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿ ಚಿತ್ರವಾಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಜೊತೆಗೇ ಹೋಗುತ್ತದೆ. "ಒರಿಜಿನಲ್ ಫೈಲ್ ಕಳಿಸಿ ಸಾರ್, ವಾಲ್‌ಪೇಪರ್ ಮಾಡ್ಕೊತೀನಿ" ಅನ್ನುವವರಲ್ಲಿ ಕೆಲವರಿಗೆ ಈ ವಿಷಯ ಚೆನ್ನಾಗಿ ಗೊತ್ತು.

"ಹಳಬರು ಗೂಡಿನ ಚಿತ್ರ ತೆಗೆಯಲಿಲ್ವಾ?" ಅಂತ ಒಂದು ವಾದ ಬರುತ್ತದೆ. ತೆಗೆದರು. ಆಗ ಫಿಲ್ಮ್ ರೋಲು, ಇಷ್ಟುದ್ದದ ಲೆನ್ಸ್ ಸುಲಭಕ್ಕೆ ಸಿಗುತ್ತಿರಲಿಲ್ಲ. ಹಕ್ಕಿ ಮತ್ತೆ ಮತ್ತೆ ಬಂದು ಕೂರುವ ಜಾಗ ಗೂಡೊಂದೇ. ಗೋಣಿತಟ್ಟಿನ ಮರೆ ಕಟ್ಟಿ, ಹಕ್ಕಿಗೆ ಅಭ್ಯಾಸ ಆಗಲಿ ಅಂತ ಅದನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಮುಂದೆ ಸರಿಸುತ್ತಿದ್ದರು. ಈಗಿನ ಕ್ಯಾಮೆರಾಗೆ ಆ ಕಷ್ಟ ಇಲ್ಲ. ಎಷ್ಟೋ ಸ್ಪರ್ಧೆಗಳು ಗೂಡಿನ ಚಿತ್ರ ತೆಗೆದುಕೊಳ್ಳುವುದನ್ನೇ ಬಿಟ್ಟಿವೆ.

ನಿಜ ಹೇಳಬೇಕಂದರೆ, "ಎಲ್ಲಿ" ಅನ್ನುವ ಬದಲು "ಯಾರ ಜಾಗ?" ಅಂತ ಒಬ್ಬರಾದರೂ ಕೇಳಲಿ ಅಂತ ನಾನು ಕಾದಿದ್ದೇನೆ. ಅದಕ್ಕಾದರೆ ಬೇಕಾದಷ್ಟು ಮಾತಾಡುತ್ತೇನೆ. ಆ ಹುರುಳಿ ಹೊಲ ತಾತನ ತಮ್ಮನ ಮಗಳದು. ಕಾರಿನ ಚಕ್ರದ ಜಾಡಿನಲ್ಲಿ ಕಾಯಿ ಒಡೆದು ಕಾಳು ಮಣ್ಣುಪಾಲಾಗಿತ್ತು. ಆಕೆ ಯಾರನ್ನು ಕೇಳಬೇಕು? ಕಾರಿನವರು ಊರೊಳಗೆ ಒಂದು ಟೀ ಕೂಡ ಕುಡಿಯದೆ ಹೋಗಿದ್ದರು. ಮುಂದಿನ ವಾರ ಊರಿನವರು ಕ್ವಾರಿ ದಾರಿಗೆ ಜಾಲಿ ಮುಳ್ಳು ತಂದು ಹಾಕಿದರು. ಕಾರು ನಿಂತಿತು. ಜೊತೆಗೆ ತಾತನ ಕುರಿಗಳಿಗೂ ದಾರಿ ಬಂದ್ ಆಗಿ, ಸುತ್ತಿ ಬಳಸಿ ಹೋಗುವಂತಾಯಿತು. ಕೊಂಬಿನ ಗೂಬೆಯ ಊಟದಲ್ಲಿ ಇಲಿ ಹೆಗ್ಗಣಗಳದ್ದೇ ದೊಡ್ಡ ಪಾಲು. ಅದು ಜಾಗ ಬಿಟ್ಟು ಹೋದರೆ ನಷ್ಟ ಹೊಲದವಳಿಗೆ. ನನಗೆ ಹೆಚ್ಚೆಂದರೆ ಒಂದು ಚಿತ್ರ ಕಡಿಮೆ.

ಹಾಗಂತ ಎಲ್ಲವನ್ನೂ ಮುಚ್ಚಿಡಿ ಅಂತಲೂ ನಾನು ಹೇಳಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ಕೆಳಗೆ ಮನೆ, ಕೊಟ್ಟಿಗೆ, ಹಿತ್ತಲು. ಬಾಣಂತನಕ್ಕೆ ತವರಿಗೆ ಬಂದ ಮಗಳು ಅಂತ ಊರಿನವರು ಹಕ್ಕಿಗಳ ಬಗ್ಗೆ ಹೇಳುತ್ತಾರೆ. ಕೇಳುವುದಕ್ಕೆ ಚೆಂದ, ಎಲ್ಲ ಲೇಖನದಲ್ಲೂ ಇಷ್ಟೇ ಬರುತ್ತದೆ. ಆದರೆ ಹಕ್ಕಿ ಗೂಡು ಕಟ್ಟಿದ ಮರದಲ್ಲಿ ಹುಣಸೆಹಣ್ಣು ಬಡಿಯುವ ಹಾಗಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆಯಿಂದ ಮರದ ಒಡೆಯರಿಗೆ ಪರಿಹಾರ ಕೊಡುವ ಏರ್ಪಾಡಾಯಿತು. ಹಿಕ್ಕೆ ಹೊಲಕ್ಕೆ ಗೊಬ್ಬರವಾಯಿತು. 2007ರಲ್ಲಿ ಆ ಜಾಗವನ್ನು ಸಮುದಾಯ ಮೀಸಲು, ಅಂದರೆ ಊರಿನವರೂ ಸೇರಿ ಕಾಪಾಡುವ ಜಾಗ, ಅಂತ ಘೋಷಿಸಿದರು. ಅಲ್ಲಿ ನೀವು ಮರಕ್ಕೆ ಕಲ್ಲು ಎಸೆದು ನೋಡಿ, ಜಗಲಿ ಮೇಲಿನ ಅಜ್ಜಿ ಎದ್ದು ಬರುತ್ತಾರೆ. ಅಂಥ ಅಜ್ಜಿ ಇರುವ ಊರಿನ ಹೆಸರನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಕ್ವಾರಿಯಲ್ಲಿ ಇದ್ದದ್ದು ತಾತ ಒಬ್ಬರೇ. ಅವರೂ ಸಂಜೆ ಕುರಿ ಹೊಡೆದುಕೊಂಡು ಮನೆಗೆ ಹೋಗಬೇಕು.

"ಜನಕ್ಕೆ ಗೊತ್ತಾದರೆ ತಾನೇ ಉಳಿಸೋಕಾಗೋದು? ನಾಳೆ ಕ್ವಾರಿ ಮತ್ತೆ ಶುರುವಾದರೆ?" ಈ ಮಾತಿಗೆ ತೂಕ ಇದೆ. ಒಂದು ಸಿಡಿಮದ್ದು ಮಾಡುವ ಹಾಳನ್ನು ನೂರು ಕ್ಯಾಮೆರಾ ಸೇರಿದರೂ ಮಾಡಲಾರವು. ಸರಿ, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ ಮರ ಪ್ರಾಣಿ ಪಕ್ಷಿಗಳ ದಾಖಲೆ ಬರೆಸಬೇಕು. ಗೂಬೆಯ ವಿಳಾಸ ಬರೆಸುವುದಾದರೆ ಅಲ್ಲಿ ಬರೆಸೋಣ, ತಾತನನ್ನೂ ಹೊಲದವಳನ್ನೂ ಕೂರಿಸಿಕೊಂಡು. ಈ ವಾದ ಮಾಡಿದವರನ್ನೆಲ್ಲ ಪಂಚಾಯಿತಿ ಆಫೀಸಿಗೆ ಬನ್ನಿ ಅಂತ ಕರೆದಿದ್ದೇನೆ. ಭಾನುವಾರ ಆಫೀಸ್ ರಜಾ, ಮಿಕ್ಕ ದಿನ ಅವರಿಗೆ ರಜಾ ಇಲ್ಲ.

ಇಷ್ಟಾದ ಮೇಲೂ ಲೊಕೇಶನ್ ಬೇಕೇ ಬೇಕು ಅನ್ನುವವರಿಗೆ ಕೊಡುತ್ತೇನೆ, ಬರೆದುಕೊಳ್ಳಿ. ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟು. ತುಂಗಾ ನದಿಯ ಮಂಡಗದ್ದೆ. ಕರಡಿ ಬೇಕಾದರೆ ದರೋಜಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಆ ಕೆರೆಯೂ, ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರವೂ 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿ, ಸೇರಿದವು. ಎಲ್ಲ ಕಡೆ ದಾರಿ ಇದೆ, ಕೇಳುವವರಿದ್ದಾರೆ.

ಈ ಪಟ್ಟಿಯನ್ನು ಎದುರಿಗೇ ಒಬ್ಬರಿಗೆ ಹೇಳಿದ್ದೆ. ಪೂರ್ತಿ ಕೇಳಿಸಿಕೊಂಡು, "ಅಯ್ಯೋ, ಅಲ್ಲಿಂದು ಎಲ್ಲರ ಹತ್ರಾನೂ ಇದೆ ಸಾರ್. ಬೇರೆ ಯಾವ್ದಾದ್ರೂ ಹೇಳಿ" ಅಂದರು.

ಬೇರೆ ಯಾವುದೂ ಇಲ್ಲ. ಕ್ಯಾಮೆರಾ ಯಾವುದು ಅಂತ ಕೇಳಿ. ಮಾಡೆಲ್ ನಂಬರ್ ಸಮೇತ ಹೇಳುತ್ತೇನೆ.