ಹೊಟ್ಟೆ ಸರಿ ಇಲ್ಲ ಸರ್

ನಾನು ಸಾಗರದ ಕಡೆಯ ಹವ್ಯಕರ ಹುಡುಗ. ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು. ಕೆಲಸ ಕಲಿಸಿದವರು ಅಲ್ಲಿನ ಹಿರಿಯ ಪ್ರೂಫ್ ರೀಡರ್. "ಮನೆಮಾತು ಕೊಂಕಣಿ, ಹೊಟ್ಟೆಪಾಡು ಕನ್ನಡ" ಎಂದು ತಮ್ಮ ಬಗ್ಗೆ ತಾವೇ ತಮಾಷೆ ಮಾಡುತ್ತಿದ್ದರು. ಪ್ರೆಸ್ಸಿನ ತುಳು ಹುಡುಗರಿಗೆ ಅವರು ಪೊರ್ಬುಲು, ಅಂದರೆ ಕೊಂಕಣಿ ಕ್ರಿಶ್ಚಿಯನ್ನರು. ನನಗೆ ಸರ್.

ಸಾಲಿನ ಕೆಳಗೆ ಸ್ಕೇಲ್ ಇಟ್ಟು ಓದಿಸುತ್ತಿದ್ದರು. "ಕತೆ ಓದ್ಬೇಡ ಮಾರಾಯ, ಅಕ್ಷರ ನೋಡು." ಅವರ ಮೇಜಿನ ಮೇಲೆ ಕಿಟ್ಟೆಲ್ ನಿಘಂಟು ಇತ್ತು. ಹಳೇ ಕ್ಯಾಲೆಂಡರಿನ ರಟ್ಟು, ಬೆನ್ನು ಬಿಟ್ಟುಹೋಗಿತ್ತು. 1894ರಲ್ಲಿ ಇದೇ ಮಂಗಳೂರಿನಲ್ಲಿ ಅಚ್ಚಾದ ಪುಸ್ತಕ ಅಂತ ಅವರಿಗೆ ವಿಪರೀತ ಹೆಮ್ಮೆ. ನನಗೆ ಅನುಮಾನ ಬಂದರೆ ಉತ್ತರ ಹೇಳುತ್ತಿರಲಿಲ್ಲ. "ಸಾಯ್ಬರನ್ನು ಕೇಳು" ಎಂದು ಆ ನಿಘಂಟನ್ನು ನನ್ನ ಕಡೆ ದೂಡುತ್ತಿದ್ದರು.

ಸೇರಿದ ವಾರದಲ್ಲೇ ಊಟಕ್ಕೆ ಕರೆದರು. ಹೊಟ್ಟೆ ಸರಿ ಇಲ್ಲ ಸರ್ ಅಂದೆ. ಮುಂದಿನ ತಿಂಗಳು ಮತ್ತೆ ಕರೆದರು. ಆಗಲೂ ಹೊಟ್ಟೆ. ನಿಜ ಹೇಳಬೇಕೆಂದರೆ ಹೊಟ್ಟೆ ಗಟ್ಟಿಯಾಗಿಯೇ ಇತ್ತು. ಊರಿಂದ ಹೊರಡುವಾಗ ಆಯಿ "ಕಂಡಕಂಡಲ್ಲಿ ಉಣ್ಣಡ ಮತ್ತೆ" ಅಂದಿದ್ದಳು. ಅದಕ್ಕಿಂತ ಜಾಸ್ತಿ, ಮೀನು ಕಾಯಿಸಿದ ಬಾಣಲೆಯಲ್ಲೇ ನನ್ನ ಪಲ್ಯವೂ ಆದರೆ ಎಂಬ ಹೆದರಿಕೆ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇಲ್ಲ.

1996ರ ಸೆಪ್ಟೆಂಬರ್ 8, ಭಾನುವಾರ. ಹಿಂದಿನ ಸಂಜೆ ಸರ್ ಅಂದರು, "ಹೊಟ್ಟೆ ಸರಿ ಇಲ್ಲದವ ನಾಳೆ ಬರ್ಲೇಬೇಕು. ನಾಳೆ ನಮ್ಮಲ್ಲಿ ಮೀನೂ ಇಲ್ಲ, ಕೋಳಿಯೂ ಇಲ್ಲ. ಮೊಂತಿ ಹಬ್ಬ."

ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

ಮೊಂತಿ ಹಬ್ಬ ಅಂದರೆ ಮೇರಿ ಮಾತೆ ಹುಟ್ಟಿದ ದಿನ, ಜೊತೆಗೆ ತೆನೆ ಹಬ್ಬ. ನಾನು ಹೋದಾಗ ಮನೆಯವರೆಲ್ಲ ಆಗಷ್ಟೇ ಇಗರ್ಜಿಯಿಂದ ಬಂದಿದ್ದರು. ಮಕ್ಕಳ ಕೈಯಲ್ಲಿ ಖಾಲಿ ಹೂವಿನ ಬುಟ್ಟಿ. ಪಾದ್ರಿಗಳು ಮಂತ್ರಿಸಿ ಕೊಟ್ಟ ಭತ್ತದ ತೆನೆ ದೇವರ ಪಟದ ಮುಂದೆ ಇತ್ತು. ಸರ್ ಕನ್ನಡಕ ಹಾಕಿಕೊಂಡು ಕೂತು, ಒಂದೊಂದೇ ಕಾಳಿನ ಸಿಪ್ಪೆಯನ್ನು ಉಗುರಿನಿಂದ ಬಿಡಿಸಿದರು. ಪ್ರೂಫ್ ನೋಡುವಾಗಿನ ಅದೇ ಮುಖ! ಕಾಳನ್ನು ಅರೆದು ತೆಂಗಿನ ಹಾಲಿಗೆ ಹಾಕಿ, ಪ್ರಾರ್ಥನೆ ಮುಗಿಸಿ, ಮನೆಯ ಹಿರಿಯರಾಗಿ ಎಲ್ಲರಿಗೂ ಚಮಚದಲ್ಲಿ ಕೊಟ್ಟರು. ನನಗೂ ಕೊಟ್ಟರು. ನಮ್ಮಲ್ಲೂ ಹೊಸ್ತು ಅಂತ ಮಾಡ್ತೇವೆ ಸರ್ ಅಂದೆ. "ಮತ್ತೆ? ಭತ್ತಕ್ಕೆ ಜಾತಿ ಉಂಟಾ?" ಅಂದರು.

ಬಾಳೆಎಲೆ ಊಟ. ತರಕಾರಿ ಬಗೆ ಐದೋ ಏಳೋ ಒಂಬತ್ತೋ, ಬೆಸ ಸಂಖ್ಯೆಯಲ್ಲೇ ಇರಬೇಕಂತೆ. ಅವತ್ತು ಏಳಿತ್ತು. ಬೆಂಡೆಗೆ ಅಂಬಟೆಕಾಯಿ, ತೊಂಡೆಗೆ ಗೇರುಬೀಜ, ಅಲಸಂಡೆ, ಹರಿವೆ, ಕೆಸುವಿನ ದಂಟು... ಉಳಿದೆರಡು ಮರೆತಿದೆ. ಬಾಯಮ್ಮ, ಅಂದರೆ ಸರ್ ಹೆಂಡತಿ, ಪಕ್ಕದಲ್ಲೇ ನಿಂತು ಬಡಿಸಿದರು. ಕೊನೆಗೆ ಬೆಲ್ಲ, ತೆಂಗಿನ ಹಾಲಿನ ಪಾಯಸ. ಅದಕ್ಕೆ ವೋರ್ನ್ ಅಂತಾರೆ. ಮೂರು ಸಲ ಹಾಕಿಸಿಕೊಂಡೆ. "ಹೊಟ್ಟೆ ಹೇಗುಂಟು?" ಎಂದು ಸರ್ ಕೇಳಿದರು. ಎಲ್ಲರೂ ನಕ್ಕರು.

ಎಲೆ ತೆಗೆದು ಕೈ ತೊಳೆಯಲು ಹಿತ್ತಿಲಿಗೆ ಹೋದೆ. ಅಲ್ಲಿ ತೊಳೆಯಲು ಹಾಕಿದ್ದ ಪಾತ್ರೆಗಳಲ್ಲಿ ಒಂದು ಬಾಣಲೆ, ಎರಡು ಸೌಟು ಬೇರೆಯಾಗಿ ಹೊಳೆಯುತ್ತಿದ್ದವು. ಬಾಣಲೆಯ ಹಿಡಿಯಲ್ಲಿ ಅಂಗಡಿಯ ರೇಟಿನ ಚೀಟಿ ಅರ್ಧ ಕಿತ್ತು, ಅರ್ಧ ಹಾಗೇ ಅಂಟಿಕೊಂಡಿತ್ತು.

ನಾನು ಯಾರಿಗೂ ಏನೂ ಹೇಳಿರಲಿಲ್ಲ. ಅವರೂ ಹೇಳಲಿಲ್ಲ. ನಲ್ಲಿ ಬಿಟ್ಟುಕೊಂಡು ಸುಮ್ನೆ ಸುಮಾರು ಹೊತ್ತು ಕೈ ತೊಳೆದೆ.

ಹೊರಡುವಾಗ ಸರ್ ಒಂದು ಲಕೋಟೆಗೆ ನಾಲ್ಕಾರು ಭತ್ತದ ಕಾಳು ಹಾಕಿ ಅಂಟಿಸುತ್ತಿದ್ದರು. ಗಲ್ಫಿನಲ್ಲಿರುವ ಮಗನಿಗೆ. ಹೊಸ ಅಕ್ಕಿ ಮನೆಯವರೆಲ್ಲರ ಬಾಯಿಗೂ ಬೀಳಬೇಕು, ದೂರ ಇದ್ದವರಿಗೆ ಅಂಚೆಯಲ್ಲಿ ಹೋಗುತ್ತದೆ ಎಂದರು.

ಮುಂದಿನ ವರ್ಷ ನಾನು ಬೆಂಗಳೂರಿಗೆ ಬಂದೆ. ಸೆಪ್ಟೆಂಬರಿನಲ್ಲಿ ಒಂದು ಲಕೋಟೆ ಬಂತು. ಒಳಗೆ ಕಾಗದ ಇಲ್ಲ, ಐದು ಕಾಳು. ಅಲ್ಲಿಂದ ಪ್ರತಿ ವರ್ಷ ಬಂತು. ಈ ನಡುವೆ ಸರ್ ತೀರಿಕೊಂಡರು. ಆ ವರ್ಷ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಹತ್ತು ದಿನ ತಡವಾಗಿ ಬಂತು. ವಿಳಾಸ ಮೊಮ್ಮಗಳ ಕೈಬರಹ ಇರಬೇಕು, ಬೆಂಗಳೂರಿನ 'ಳೂ' ಗಿಡ್ಡವಾಗಿ 'ಳು' ಆಗಿತ್ತು. ಸರ್ ಆಗಿದ್ದರೆ ಬಿಡುತ್ತಿರಲಿಲ್ಲ. ನನ್ನ ಕೈಯೂ ಕೆಂಪು ಪೆನ್ನಿನ ಕಡೆ ಹೋಗಿ ವಾಪಸ್ಸು ಬಂತು. ಹೆಂಡತಿಗೆ ತೆಂಗಿನಕಾಯಿ ಒಡೆ ಅಂದೆ.